ಅಪ್‌ಡೇಟ್: ಕಿಟೆಲ್ ಅವರ ಪತ್ರ ಕೈಸೇರಿತು

1894ರ ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ, ಜರ್ಮನ್ ಮಿಷನರಿ ಫರ್ಡಿನಾಂಡ್ ಕಿಟೆಲ್ ಅವರ ಪತ್ರಗಳು ಎಲ್ಲಿ ಸಿಗುತ್ತವೆ ಎಂದು ಹಿಂದೆ ಕೇಳಿದ್ದೆ. ಅವರನ್ನು ಇಲ್ಲಿಗೆ ಕಳಿಸಿದ್ದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸಂಸ್ಥೆಯ ಪತ್ರಾಗಾರದ ದಾರಿ ತೋರಿಸಿದವರಿಗೆಲ್ಲ ಮನಸಾರೆ ಕೃತಜ್ಞತೆಗಳು. ಒಂದು ಪತ್ರದ ಪ್ರತಿ ಬಂದಿದೆ.

ಓದುವುದು ಮಾತ್ರ ಸುಲಭವಲ್ಲ. ಅದು ಇಂದಿನ ಜರ್ಮನ್ ಕೈಬರಹವಲ್ಲ, ಹಳೆಯ ಕುರೆಂಟ್ ಲಿಪಿ. ಅದರಲ್ಲಿ ‘ಇ’ (e) ಮತ್ತು ‘ಎನ್’ (n) ಅಕ್ಷರಗಳು ಅವಳಿಗಳಂತೆ. ‘ಯು’ (u) ಅಕ್ಷರವನ್ನು ತಲೆಯ ಮೇಲಿನ ಸಣ್ಣ ಕೊಕ್ಕೆಯಿಂದಲೇ ಗುರುತಿಸಬೇಕು. ಒಂದು ಸಾಲಿಗೆ ಒಂದು ಸಂಜೆ ಹಿಡಿಯುತ್ತಿದೆ. ಆದರೂ ಶಬ್ದಮಣಿದರ್ಪಣ, ಛಂದೋಂಬುಧಿ ಎಂಬ ಹಳಗನ್ನಡದ ವ್ಯಾಕರಣ, ಛಂದಸ್ಸಿನ ಗ್ರಂಥಗಳನ್ನು ಸಂಪಾದಿಸಿದ ಕೈಯ ಬರಹ ಕಣ್ಣೆದುರಿಗಿದೆ, ಬಿಡಲು ಮನಸ್ಸಾಗುತ್ತಿಲ್ಲ.

ಈಗ ಅಕ್ಷರಪಟ್ಟಿ ಪಕ್ಕದಲ್ಲಿಟ್ಟುಕೊಂಡು ಎರಡನೆಯ ಪುಟ ಬಿಡಿಸುತ್ತಿದ್ದೇನೆ. ಕುರೆಂಟ್ ಓದಬಲ್ಲವರು ಇದ್ದರೆ ದಯವಿಟ್ಟು ತಿಳಿಸಿ.