ಸುಸ್ತಿಯಾದ ದೇಶಕ್ಕೆ ಸಾಲ ಕಡಿತ ಕೊಡಲು ಯಾಕಿಷ್ಟು ಹಿಂದೇಟು?

ಪ್ರಶ್ನೆ:
ಜಾಂಬಿಯಾ 2020ರ ನವೆಂಬರ್‌ನಲ್ಲಿ ಯೂರೋಬಾಂಡ್ (ವಿದೇಶಿ ಕರೆನ್ಸಿಯಲ್ಲಿ ಎತ್ತಿದ ಬಾಂಡ್ ಸಾಲ) ಬಡ್ಡಿ ಕಟ್ಟಲಾಗದೆ ಸುಸ್ತಿಯಾಯಿತು. ಬಾಂಡ್‌ದಾರರ ಜೊತೆ ಮರುಹೊಂದಾಣಿಕೆ ಮುಗಿದದ್ದು 2024ರಲ್ಲಿ. ಪೂರ್ತಿ ಹಣ ವಾಪಸ್ ಬರಲ್ಲ ಅಂತ ಗೊತ್ತಿದ್ದೂ ಇಷ್ಟು ತಡ ಯಾಕೆ?

ಉತ್ತರ 1:
ಮೊದಲು ಬಿಟ್ಟುಕೊಟ್ಟವರ ಹಣ ಇನ್ನೊಬ್ಬ ಸಾಲದಾತನ ಜೇಬು ಸೇರುತ್ತದೆ ಎಂಬ ಭಯವೇ ಮುಖ್ಯ ಕಾರಣ. ಕಡಿತಕ್ಕೆ ಸಿದ್ಧ ಎಂದು ಸಾಲ ಕೊಟ್ಟ ಸರ್ಕಾರಗಳು ಭರವಸೆ ಕೊಡದೆ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮಂಡಳಿ ಸಾಮಾನ್ಯವಾಗಿ ಹೊಸ ಸಾಲ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಡುವುದಿಲ್ಲ. ಜಾಂಬಿಯಾಕ್ಕೆ ಆ ಭರವಸೆ ಸಿಕ್ಕಿದ್ದು 2022ರ ಜುಲೈನಲ್ಲಿ, ಸರ್ಕಾರಗಳ ಒಪ್ಪಂದ 2023ರ ಜೂನ್‌ನಲ್ಲಿ. ಆಮೇಲೆ ಬಾಂಡ್‌ದಾರರು ಒಪ್ಪಿದ ಸೂತ್ರವನ್ನು ಅದೇ ವರ್ಷದ ನವೆಂಬರ್‌ನಲ್ಲಿ ಸಾಲ ಕೊಟ್ಟ ಸರ್ಕಾರಗಳ, ಚೀನಾ, ಫ್ರಾನ್ಸ್ ಸಹ-ಅಧ್ಯಕ್ಷತೆಯ ಸಮಿತಿಯೇ ತಳ್ಳಿಹಾಕಿತು. ಎಲ್ಲ ಸಾಲದಾತರೂ ಸಮಾನ ಹೊರೆ ಹೊರಬೇಕು ಅನ್ನುವುದನ್ನು ಮೂರು ಅಳತೆಯಲ್ಲಿ ನೋಡುತ್ತಾರೆ: ಕಾರ್ಯಕ್ರಮದ ಅವಧಿಯಲ್ಲಿ ಕಂತು ಎಷ್ಟು ಇಳಿಯಿತು, ಸಾಲದ ಇಂದಿನ ಮೌಲ್ಯ (ಮುಂದೆ ಬರುವ ಕಂತುಗಳನ್ನು ಒಂದು ಬಡ್ಡಿದರದಲ್ಲಿ ಇಂದಿನ ಬೆಲೆಗೆ ಇಳಿಸಿದ ಮೊತ್ತ) ಎಷ್ಟು ಕುಗ್ಗಿತು, ವಾಯಿದೆ ಎಷ್ಟು ಚಾಚಿತು. ಇಂದಿನ ಮೌಲ್ಯಕ್ಕೆ ಯಾವ ಬಡ್ಡಿದರ ಹಿಡಿಯಬೇಕು ಎಂಬಲ್ಲೇ ಜಗಳ ಶುರು. ದರ ಬದಲಾದರೆ ಅದೇ ಪ್ರಸ್ತಾಪ ಉದಾರವಾಗಿಯೂ ಕಾಣುತ್ತದೆ, ಜಿಪುಣವಾಗಿಯೂ ಕಾಣುತ್ತದೆ.

ಉತ್ತರ 2:
ಬಾಂಡ್ ಕರಾರನ್ನೂ ನೋಡಿ. ಬಹುಮತದ ತೀರ್ಮಾನ ಒಪ್ಪದವರಿಗೂ ಅನ್ವಯಿಸುವಂತೆ ಮಾಡುವ ಸಾಮೂಹಿಕ ತೀರ್ಮಾನದ ಷರತ್ತಿನಲ್ಲಿ ಸಾಮಾನ್ಯವಾಗಿ 75% ಮತ ಬೇಕು. ಪ್ರತಿ ಸರಣಿಗೂ (ಒಂದು ಸಲಕ್ಕೆ ಹೊರಡಿಸಿದ ಬಾಂಡ್‌ಗಳ ಗುಂಪು) ಬೇರೆ ಮತ ಕೇಳುವ ಹಳೆಯ ಬಾಂಡ್‌ಗಳಲ್ಲಿ, ಚಿಕ್ಕ ಸರಣಿಯೊಂದರ 25%ಗಿಂತ ಹೆಚ್ಚು ಪಾಲು ಕೊಂಡವನು ಅದರ ಮಟ್ಟಿಗೆ ಅಡ್ಡಗಾಲು ಹಾಕಬಹುದು. 2014ರಿಂದ ಬಂದ ಮಾದರಿ ಷರತ್ತಿನಲ್ಲಿ ಎಲ್ಲ ಸರಣಿಗಳ ಮತ ಒಟ್ಟಿಗೆ ಎಣಿಸಬಹುದು. 2001ರಲ್ಲಿ ಸುಸ್ತಿಯಾದ ಅರ್ಜೆಂಟೀನಾದ ಹಳೆಯ ನ್ಯೂಯಾರ್ಕ್ ಬಾಂಡ್‌ಗಳಲ್ಲಿ ಇಂಥ ಷರತ್ತೇ ಇರಲಿಲ್ಲ. ಒಪ್ಪದ ಫಂಡ್‌ಗಳ ಜೊತೆ ರಾಜಿಯಾಗಲು 2016 ಬರಬೇಕಾಯಿತು.

ಉತ್ತರ 3:
ಸಾಲಗಾರ ಸರ್ಕಾರದ ಹಿಂಜರಿಕೆಯೂ ಕಡಿಮೆಯದ್ದಲ್ಲ. ಅದರ ಬಾಂಡ್‌ಗಳು ದೇಶದ ಬ್ಯಾಂಕ್‌ಗಳಲ್ಲೇ ತುಂಬಿರುತ್ತವೆ. ಅವನ್ನು ಕತ್ತರಿಸಿದರೆ ಬ್ಯಾಂಕ್ ಬಂಡವಾಳ ಕರಗಿ, ಅದನ್ನು ತುಂಬಲು ಸರ್ಕಾರವೇ ಮತ್ತೆ ಸಾಲ ಎತ್ತಬೇಕು. 2012ರಲ್ಲಿ ಗ್ರೀಸ್ ಬಾಂಡ್ ಮುಖಬೆಲೆಯಲ್ಲಿ 53.5% ಕತ್ತರಿಸಿದಾಗ ಆದದ್ದು ಇದೇ.