ಏರಿನಲ್ಲಿ ಮಾತ್ರ ಮಿಸ್ಸಿಂಗ್, ಪಿ0302 ಕೋಡ್: ನಾಲ್ಕೂ ಕಾಯಿಲ್ ಬದಲಿಸಬೇಕಾ?

ಪ್ರಶ್ನೆ:
ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, 90 ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಪ್ಲಗ್ ಯಾವಾಗ ಬದಲಿಸಿದ್ದೋ ದಾಖಲೆ ಇಲ್ಲ. ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗಲ್ಲ, ಸಮತಟ್ಟು ರಸ್ತೆಯಲ್ಲೂ ಸರಿಯಾಗೇ ಹೋಗುತ್ತೆ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಮಿಸ್ಸಿಂಗ್ ಆಗುತ್ತೆ, ಅಂದರೆ ಒಂದು ಸಿಲಿಂಡರ್ ಉರಿಯದೆ ಗಾಡಿ ತಡವರಿಸುತ್ತೆ, ಪಿಕಪ್ ಸತ್ತೇ ಹೋಗುತ್ತೆ, ಚೆಕ್ ಎಂಜಿನ್ ದೀಪ ಮಿನುಗುತ್ತೆ. ಏರು ಮುಗಿದ ಮೇಲೆ ಮಿನುಗೋದು ನಿಂತು ಸುಮ್ಮನೆ ಉರೀತಾ ಇರುತ್ತೆ. ಸ್ಕ್ಯಾನರ್ ಹಾಕಿದರೆ ಪಿ0302 ಬಂತು. ಗ್ಯಾರೇಜಿನಲ್ಲಿ ನಾಲ್ಕೂ ಕಾಯಿಲ್ (ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡೋ ಭಾಗ), ನಾಲ್ಕೂ ಪ್ಲಗ್, ಜೊತೆಗೆ ಇಂಜೆಕ್ಟರ್ ಕ್ಲೀನಿಂಗ್ ಅಂದರು. ಕೆಟ್ಟಿರೋದು ಯಾವುದು ಅಂತ ಕೇಳಿದರೆ "ಎಲ್ಲಾ ಹಾಕಿದ್ರೆ ಹೋಗುತ್ತೆ" ಅಂತಾರೆ. ಮನೆಯಲ್ಲೇ ಪತ್ತೆ ಮಾಡೋ ದಾರಿ ಇದೆಯಾ?

ಉತ್ತರ 1:
ಇದೆ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ, ಕೋಡನ್ನೂ ಅಳಿಸಬೇಡಿ. ಮೊದಲು ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ. ಕೋಡ್ ದಾಖಲಾದ ಗಳಿಗೆಯಲ್ಲಿ ಆರ್‌ಪಿಎಂ, ಲೋಡ್, ಕೂಲಂಟ್ ತಾಪ ಎಷ್ಟಿತ್ತು ಅನ್ನೋದು ಅದರಲ್ಲಿರುತ್ತೆ, ಕೋಡ್ ಅಳಿಸಿದರೆ ಅದೂ ಹೋಗುತ್ತೆ. ಇನ್ನೊಂದು, ದೀಪ ಮಿನುಗಿದ ತಕ್ಷಣ ಆಕ್ಸಿಲರೇಟರ್‌ನಿಂದ ಕಾಲು ಸಡಿಲಿಸಿ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿಯುತ್ತೆ, ಆ ಕಾವಿಗೆ ಅದರ ಒಳಭಾಗ ಕರಗಿಯೇ ಹೋಗಬಹುದು. ಆಮೇಲೆ ಅದರ ಖರ್ಚಿನ ಮುಂದೆ ಕಾಯಿಲ್ ಖರ್ಚು ಏನೇನೂ ಅಲ್ಲ.

ಪಿ0302 ಹೇಳೋದು "ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್" ಅಂತ, ಅಷ್ಟೇ. ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್) ಗಮನಿಸ್ತಿರೋದು ಕ್ರ್ಯಾಂಕ್, ಅಂದರೆ ಎಂಜಿನ್‌ನ ಮುಖ್ಯ ಶಾಫ್ಟ್ ತಿರುಗೋ ವೇಗವನ್ನ. ಎರಡನೆಯದರ ಸರದಿ ಬಂದಾಗ ವೇಗ ಒಂಚೂರು ಬಿದ್ದರೆ ಆ ಕೋಡ್ ಬರೆಯುತ್ತೆ. ಕಿಡಿ ಹಾರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಅದುಮುವ ಒತ್ತಡ) ಇಲ್ಲವೋ, ಅದು ಈ ಕೋಡಿನಲ್ಲಿ ಇಲ್ಲ. ಹಾಗಾಗಿ ಕೋಡ್ ನೋಡಿ ಪಾರ್ಟ್ಸ್ ಪಟ್ಟಿ ಬರೆಯೋದು ನನಗೆ ಒಪ್ಪಿಗೆಯಿಲ್ಲ.

ನಿಮ್ಮ ಲಕ್ಷಣ ನೋಡಿದರೆ ನನ್ನ ಗುಮಾನಿ ಕಿಡಿ ಮೇಲೆ. ಥ್ರಾಟಲ್ ತೆರೆದಷ್ಟೂ ಸಿಲಿಂಡರ್ ಒಳಗಿನ ಒತ್ತಡ ಏರುತ್ತೆ, ಒತ್ತಡ ಏರಿದಷ್ಟೂ ಪ್ಲಗ್ ತುದಿಯ ಗ್ಯಾಪ್ ದಾಟೋಕೆ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಐಡ್ಲಿಂಗ್‌ನಲ್ಲಿ ಹೇಗೋ ದಾಟುವ ಕಿಡಿ ಏರಿನಲ್ಲಿ ಸೋಲುತ್ತೆ.

ಎಂಜಿನ್ ತಣ್ಣಗಾದ ಮೇಲೆ ಎರಡನೇ ಕಾಯಿಲನ್ನ ಮೂರಕ್ಕೆ, ಮೂರನೆಯದನ್ನ ಎರಡಕ್ಕೆ ಹಾಕಿ. ಕಾಯಿಲ್ ಮಾತ್ರ. ಪ್ಲಗ್ ಕೂಡ ಒಟ್ಟಿಗೇ ಬದಲಿಸಿದರೆ ತಪ್ಪು ಯಾವುದರದ್ದು ಅಂತ ತಿಳಿಯೋದೇ ಇಲ್ಲ. ಈಗ ಕೋಡ್ ಅಳಿಸಿ ಅದೇ ಏರಿಗೆ ಹೋಗಿ. ಪಿ0303 ಬಂದರೆ ಕಾಯಿಲ್ ಸಿಕ್ಕಿಬಿತ್ತು. ಪಿ0302 ಅಲ್ಲೇ ಉಳಿದರೆ ಪ್ಲಗ್‌ಗಳನ್ನ ಹಾಗೇ ಅದಲುಬದಲು ಮಾಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ಟೆಸ್ಟ್. ಒಂದನೇ ಸಿಲಿಂಡರ್ ಯಾವ ಕಡೆ ಅನ್ನೋದನ್ನ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ. ಸಾಮಾನ್ಯವಾಗಿ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರೋ ಬದಿ.

ಉತ್ತರ 2:
ನನ್ನ ಗಾಡಿಯಲ್ಲಿ ಮಿಸ್ಸಿಂಗ್ ಬಂದಾಗ ಇಂಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಲೀಕ್ ಆಗ್ತಿತ್ತು. ಗಾಳಿ ಲೀಕ್ ಇದೆಯಾ ಅಂತಲೂ ನೋಡಿ.

ಉತ್ತರ 1 ಬರೆದವರು:
ಗಾಳಿ ಲೀಕ್ ಆದರೆ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಜೋರಾಗಿರೋದು ಐಡ್ಲಿಂಗ್‌ನಲ್ಲಿ. ಆಗಲೇ ಕಳ್ಳಗಾಳಿಯ ಪಾಲು ದೊಡ್ಡದು, ಆಗಲೇ ಎಂಜಿನ್ ನಡುಗುತ್ತೆ. ಥ್ರಾಟಲ್ ತೆರೆದ ಮೇಲೆ ಆ ಪಾಲು ಲೆಕ್ಕಕ್ಕೇ ಬರಲ್ಲ. ಆದರೂ ನೋಡೋದು ಒಳ್ಳೆಯದೇ, ಸ್ಕ್ಯಾನರ್ ಹೇಗೂ ಇದೆ. ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನ ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡ್ತಿದೆ ಅನ್ನೋ ಲೆಕ್ಕ) ಐಡ್ಲಿಂಗ್‌ನಲ್ಲಿ ಪ್ಲಸ್ 15, 20 ಅಂತಿದ್ದು 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಗಾಳಿ ಲೀಕ್ ಅನ್ನಬಹುದು.

ಪ್ರಶ್ನೆ ಕೇಳಿದವರು:
ಟ್ರಿಮ್ ಐಡ್ಲಿಂಗ್‌ನಲ್ಲೂ 2500ರಲ್ಲೂ ಪ್ಲಸ್ 3ರ ಆಸುಪಾಸಿನಲ್ಲೇ ಇದೆ. ಕಾಯಿಲ್ ಅದಲುಬದಲು ಮಾಡಿ ಏರು ಹತ್ತಿಸಿದೆ, ಮತ್ತೆ ಪಿ0302 ಬಂತು. ಆದರೆ ಎರಡನೇ ಕಾಯಿಲ್ ಎಳೆದಾಗ ಅದರ ತುದಿಯ ರಬ್ಬರ್ ಆಯಿಲ್‌ನಿಂದ ಒದ್ದೆಯಾಗಿತ್ತು. ಆಮೇಲೆ ಪ್ಲಗ್ ಬಿಚ್ಚಿ ನೋಡಿದರೆ ಬಿಳಿ ಪಿಂಗಾಣಿ ಮೇಲೆ ಮೇಲಿಂದ ಕೆಳಗಿನವರೆಗೆ ಪೆನ್ಸಿಲ್‌ನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಬಟ್ಟೆಯಿಂದ ಉಜ್ಜಿದರೂ ಹೋಗ್ತಿಲ್ಲ. ಗ್ಯಾಪ್ ಅಳೆದರೆ 1.3 ಮಿಲಿಮೀಟರ್, ಮ್ಯಾನುಯಲ್‌ನಲ್ಲಿ 0.9 ಅಂತಿದೆ.

ಉತ್ತರ 1 ಬರೆದವರು:
ಸಿಕ್ಕಿತು! ಆ ಗೆರೆಯೇ ನಿಮ್ಮ ಮಿಸ್ಸಿಂಗ್. ಗ್ಯಾಪ್ ಸವೆದು ಅಗಲವಾಗಿದೆ, ಅದನ್ನ ದಾಟೋಕೆ ವೋಲ್ಟೇಜ್ ತುಂಬಾ ಮೇಲೇರಬೇಕು. ಅಷ್ಟರಲ್ಲಿ ಕಿಡಿ ಪಿಂಗಾಣಿಯ ಹೊರಮೈ ಹಿಡಿದು ಜಾರಿ ಪ್ಲಗ್‌ನ ಲೋಹಕ್ಕೆ ಸೇರಿಬಿಡ್ತಿದೆ. ಒಮ್ಮೆ ಸುಟ್ಟು ಇಂಗಾಲದ ಗೆರೆ ಮೂಡಿದರೆ ಪ್ರತಿ ಸಲವೂ ಅದೇ ದಾರಿ. ಉಜ್ಜಿ ಪ್ರಯೋಜನವಿಲ್ಲ.

ಪ್ಲಗ್ ನಾಲ್ಕನ್ನೂ ಬದಲಿಸಿ, ನಾಲ್ಕಕ್ಕೂ ಅಷ್ಟೇ ವಯಸ್ಸಾಗಿರುತ್ತೆ. ಆದರೆ ಅದಕ್ಕೆ ಮೊದಲು, ಈಗ ಮೂರರಲ್ಲಿರೋ ಆ ಹಳೇ ಕಾಯಿಲ್‌ನ ರಬ್ಬರ್ ಬೂಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲೂ ಅಂಥದೇ ಗೆರೆ ಇದ್ದರೆ ಬೂಟ್ ಬದಲಿಸಲೇಬೇಕು, ಇಲ್ಲದಿದ್ದರೆ ಹೊಸ ಪ್ಲಗ್ ಮೇಲೂ ಗೆರೆ ಬೀಳುತ್ತೆ. ಎಷ್ಟೋ ಜನ ಪ್ಲಗ್ ಮಾತ್ರ ಹಾಕಿ, ಮತ್ತೆ ಮಿಸ್ಸಿಂಗ್ ಬಂದಾಗ ಪ್ಲಗ್ ಕಂಪನಿಗೆ ಬೈಯೋದು ಇದಕ್ಕೇ. ಕಾಯಿಲ್ ಬಹುಶಃ ಚೆನ್ನಾಗೇ ಇದೆ.

ಆಯಿಲ್ ಬರ್ತಿರೋದು ರಾಕರ್ ಕವರ್‌ನ (ಎಂಜಿನ್ ಮೇಲಿನ ಮುಚ್ಚಳದ) ಪ್ಲಗ್ ಟ್ಯೂಬ್ ಸೀಲಿನಿಂದ ಇರಬೇಕು. ಕೆಲವು ಎಂಜಿನ್‌ಗಳಲ್ಲಿ ಅದು ಗ್ಯಾಸ್ಕೆಟ್ ಜೊತೆಗೇ ಸಿಗುತ್ತೆ. ಅದನ್ನೂ ಮಾಡಿಸಿ, ಆಯಿಲ್ ರಬ್ಬರನ್ನ ಹಾಳು ಮಾಡುತ್ತೆ. ಪ್ಲಗ್ ಬಿಚ್ಚೋ ಮುಂಚೆ ಅದು ಕೂತಿರೋ ಗುಂಡಿಯ ಆಯಿಲ್, ಮಣ್ಣು ಒರೆಸಿ ತೆಗೀರಿ, ಸಿಲಿಂಡರ್ ಒಳಗೆ ಬೀಳಬಾರದು. ಹೊಸ ಪ್ಲಗ್ ಕೈಯಿಂದಲೇ ತಿರುಗಿಸಿ ಕೂರಿಸಿ, ಕೊನೆಯಲ್ಲಿ ಮಾತ್ರ ಟಾರ್ಕ್ ರೆಂಚ್. ಅಲ್ಯೂಮಿನಿಯಂ ಹೆಡ್‌ನಲ್ಲಿ ಥ್ರೆಡ್ ಕೆಟ್ಟರೆ ಕೆಲಸ ದೊಡ್ಡದಾಗುತ್ತೆ.

ಇಂಜೆಕ್ಟರ್ ಮುಟ್ಟೋದು ಬೇಡ. ಇಷ್ಟಾದ ಮೇಲೂ ಅದೇ ಕೋಡ್ ಬಂದರೆ ಮಾತ್ರ ಅದು, ಕಂಪ್ರೆಷನ್ ಎಲ್ಲ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ, ಪೆಟ್ರೋಲ್ ವಾಸನೆ ಇದ್ದರೆ ಉರಿಯದ ಪೆಟ್ರೋಲ್ ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದಿದೆ ಅಂತ ಅರ್ಥ, ಆಯಿಲ್ ಬದಲಿಸಿ. ಬೂಟ್ ಒಳಗೆ ಏನು ಕಂಡಿತು ಅಂತ ಬರೀರಿ.