ಅಪ್‌ಡೇಟ್: ಬಾಟಲಿಯಲ್ಲಿಟ್ಟ ಕುಂಬಾರ ಹುಳದ ಮರಿ ಹಾರಿಹೋಯಿತು!

ಕಿಟಕಿ ಚೌಕಟ್ಟಿನಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡಿನ ಒಂದು ಕೋಣೆ ಒಡೆದಾಗ ಒಳಗೆ ಬರೀ ಸತ್ತ ಜೇಡಗಳು, ಯಾಕೆ ಅಂತ ಹೋದ ತಿಂಗಳು ಕೇಳಿದ್ದೆನಲ್ಲ? 'ಸತ್ತಿಲ್ಲ, ಮುಟ್ಟಿ ನೋಡಿ' ಅಂದವರಿಗೆ ದೊಡ್ಡ ನಮಸ್ಕಾರ. ಪೊರಕೆ ಕಡ್ಡಿಯಿಂದ ಮೆಲ್ಲಗೆ ತಟ್ಟಿದೆ. ಒಂದರ ಕಾಲು ನಿಜಕ್ಕೂ ಮಿಸುಕಿತು! ತಾಯಿ ಹುಳ ಚುಚ್ಚಿ ಲಕ್ವ ಹೊಡೆಸಿ ಇಟ್ಟಿರುತ್ತದೆ. ಸತ್ತರೆ ಕೊಳೆಯುತ್ತವೆ, ಹೀಗಿಟ್ಟರೆ ಮರಿಗೆ ತಾಜಾ ಊಟ. ನಮ್ಮ ಫ್ರಿಜ್ಜಿಗಿಂತ ವಾಸಿ, ಕರೆಂಟ್ ಬಿಲ್ಲೂ ಇಲ್ಲ.

ಎಣಿಸಿದರೆ 11 ಜೇಡ. ಒಂದರ ಹೊಟ್ಟೆಗೆ ಅಕ್ಕಿ ನುಚ್ಚಿನಂಥ ಮೊಟ್ಟೆ ಅಂಟಿತ್ತು. ಎಲ್ಲವನ್ನೂ ಉಪ್ಪಿನಕಾಯಿ ಬಾಟಲಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದೆ. ಮರಿ ಒಂದೊಂದನ್ನೇ ತಿಂದು, ಕಾಲಿನ ಚೂರುಗಳನ್ನಷ್ಟೇ ಬಿಟ್ಟು, ಕಂದು ಬಣ್ಣದ ಕೋಶ ನೇಯ್ದುಕೊಂಡು ಮಲಗಿತು. ಆಮೇಲೆ ದಿನಾ ಇಣುಕಿದ್ದೇ ಬಂತು. ಅಮ್ಮ ಎರಡು ಸಲ ಬಾಟಲಿಯನ್ನು ತೊಳೆಯೋಕೆ ಎತ್ತಿಕೊಂಡಿದ್ದರು!

ನಿನ್ನೆ ಬೆಳಿಗ್ಗೆ ನೋಡಿದರೆ, ದಾರದಂಥ ಸಪೂರ ಸೊಂಟದ ಹುಳ ಒಳಗೆ ಓಡಾಡುತ್ತಿದೆ. ಬಟ್ಟೆ ಬಿಚ್ಚಿದೆ. ಬಾಟಲಿ ಅಂಚಲ್ಲಿ ಕೂತು, ಮೀಸೆ ಒರೆಸಿಕೊಂಡು ಹಾರಿಹೋಯಿತು. ನನಗೇನೂ ಕಚ್ಚಲಿಲ್ಲ.

ಕಿಟಕಿಯ ಉಳಿದ ಗೂಡು ಹಾಗೇ ಇದೆ. ಪೇಂಟರಿಗೆ ಮುಂದಿನ ತಿಂಗಳು ಬನ್ನಿ ಅಂದಿದ್ದೇನೆ.